ತುಮಕೂರಿನ ಹಳ್ಳಿಗೆ ಬಂದ ಎಕ್ಸ್-ರೇ ವ್ಯಾನು

1960-61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಜನರೇಟರ್ ಸಮೇತ ಎಕ್ಸ್-ರೇ ಯಂತ್ರವೊಂದು ಬಂತು. ಕೆಮ್ಮು ಇದ್ದವರು, ಇಲ್ಲದವರು ಎಲ್ಲರೂ ಅದರ ಮುಂದೆ ಎದೆಯೊಡ್ಡಿ ನಿಲ್ಲಬೇಕಿತ್ತು. ಒಬ್ಬರ ಚಿತ್ರಕ್ಕೆ 70 ಮಿಲಿಮೀಟರ್ ಅಗಲದ ಫಿಲ್ಮಿನ ಒಂದು ಚೌಕ ಸಾಕು. ಬೆಂಗಳೂರಿಗೆ ಮರಳಿದ ಫಿಲ್ಮ್ ಸುರುಳಿಗಳನ್ನು ಇಬ್ಬರು ವೈದ್ಯರು ಬೇರೆಬೇರೆಯಾಗಿ, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಗೊತ್ತಾಗದಂತೆ ಓದುತ್ತಿದ್ದರು. ಎದೆಯಲ್ಲಿ ಸಂಶಯದ ನೆರಳು ಕಂಡವರ ಕಫ ಪ್ರಯೋಗಾಲಯಕ್ಕೆ ಹೋಗುತ್ತಿತ್ತು.

ಈ ಕೆಲಸ ನಡೆಸಿದ್ದು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಬಳ್ಳಾರಿ ರಸ್ತೆಯಲ್ಲಿ ಮೈಸೂರು ಅರಸು ಮನೆತನಕ್ಕೆ ಸೇರಿದ್ದ ಅವಲಾನ್ ಬಂಗಲೆಯಲ್ಲಿ 1960ರ ಸೆಪ್ಟೆಂಬರ್ 16ರಂದು ಜವಾಹರಲಾಲ್ ನೆಹರೂ ಇದನ್ನು ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿಗೆ ನಿಂತವು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ ಆಗ ಭಾರತದ ಕ್ಷಯ ಕಾರ್ಯಕ್ರಮದಲ್ಲಿ ದುಡಿಯುತ್ತಿದ್ದರು. ಎಕ್ಸ್-ರೇ ಯಂತ್ರವನ್ನು ಹಳ್ಳಿಹಳ್ಳಿಗೆ ಒಯ್ದ ಈ ಸಂಸ್ಥೆಯೇ ಎಕ್ಸ್-ರೇಯನ್ನು ಮೊದಲ ಸ್ಥಾನದಿಂದ ಕೆಳಗಿಳಿಸಿದ್ದು ವೈದ್ಯಕೀಯ ಇತಿಹಾಸದ ಒಂದು ಸೊಗಸಾದ ತಿರುವು.

ಆ ಸ್ಥಾನ ಎಷ್ಟು ಎತ್ತರದ್ದಾಗಿತ್ತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತೋರಿಸಿದ್ದು 1882ರಲ್ಲಿ. ರಾಂಟ್ಜನ್ ಎಕ್ಸ್ ಕಿರಣವನ್ನು ಕಂಡದ್ದು 1895ರಲ್ಲಿ. ಸ್ಟೆತಸ್ಕೋಪಿಗೆ ಕಿವಿಗೊಟ್ಟು, ಬೆರಳಿನಿಂದ ಎದೆ ತಟ್ಟಿ ರೋಗ ಊಹಿಸುತ್ತಿದ್ದ ವೈದ್ಯರಿಗೆ ಶ್ವಾಸಕೋಶದೊಳಗಿನ ಗುಳಿ ಕಣ್ಣಿಗೇ ಕಾಣತೊಡಗಿತು. ಔಷಧಿ ಮಾತ್ರ ಇನ್ನೂ ಇರಲಿಲ್ಲ. ಗಾಳಿ, ಬಿಸಿಲು, ಹಾಲು, ವಿಶ್ರಾಂತಿಯೇ ಚಿಕಿತ್ಸೆ; ಅದಕ್ಕಾಗಿ ಕಟ್ಟಿದವು ಸ್ಯಾನಟೋರಿಯಂಗಳು. ಮೈಸೂರಿನ ಪಿ.ಕೆ.ಟಿ.ಬಿ. ಆಸ್ಪತ್ರೆಯ ಹೆಸರಿನಲ್ಲಿರುವ ‘ಪಿ.ಕೆ.’ ಎಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ಕ್ಷಯಕ್ಕೆ ಬಲಿಯಾದ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಅರಮನೆಯನ್ನೂ ಬಿಡದ ರೋಗವಿದು.

ಸ್ಯಾನಟೋರಿಯಂ ಕಾಲದ ಒಂದು ಚಿಕಿತ್ಸೆಗೆ ಎಕ್ಸ್-ರೇ ಇಲ್ಲದೆ ನಡೆಯುತ್ತಲೇ ಇರಲಿಲ್ಲ. ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ, ಶ್ವಾಸಕೋಶದ ಸುತ್ತ ಗಾಳಿ ತುಂಬಿ, ರೋಗ ತಗುಲಿದ ಭಾಗವನ್ನು ಕುಗ್ಗಿಸಿ ವಿಶ್ರಾಂತಿ ಕೊಡುವುದು ಅದರ ಕ್ರಮ. ಗಾಳಿ ಕೆಲವೇ ವಾರಗಳಲ್ಲಿ ಇಂಗುವುದರಿಂದ ಮತ್ತೆ ಮತ್ತೆ ತುಂಬಬೇಕು. ತುಂಬುವಾಗಲೆಲ್ಲ ರೋಗಿಯನ್ನು ಎಕ್ಸ್-ರೇ ಬಿಂಬವನ್ನು ನೇರವಾಗಿ ತೋರಿಸುವ ಫ್ಲೋರೋಸ್ಕೋಪಿನ ಮುಂದೆ ನಿಲ್ಲಿಸಿ ನೋಡಬೇಕು. ಇದು ವರ್ಷಗಟ್ಟಲೆ ನಡೆಯುತ್ತಿತ್ತು. ಇದರ ಬೆಲೆ ತಿಳಿದದ್ದು ತಡವಾಗಿ. ಕೆನಡಾದ ನೋವಾಸ್ಕೋಶಿಯಾದಲ್ಲಿ ಹೀಗೆ ನೂರಾರು ಬಾರಿ ಕಿರಣಕ್ಕೆ ಒಡ್ಡಿಕೊಂಡಿದ್ದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಇಯಾನ್ ಮೆಕೆಂಜಿ ಎಂಬ ವೈದ್ಯರು 1965ರಲ್ಲಿ ಪ್ರಕಟಿಸಿದರು. ಕ್ಷಯದಿಂದ ಪಾರಾದವರನ್ನು ನೋಡುವ ಯಂತ್ರವೇ ಹಿಂಬಾಲಿಸಿತ್ತು.

ಇಡೀ ಊರನ್ನೇ ಚಿತ್ರ ತೆಗೆಯುವ ಯೋಚನೆ ಬಂದದ್ದು ಬ್ರೆಜಿಲ್‌ನಿಂದ. ದೊಡ್ಡ ಎಕ್ಸ್-ರೇ ಫಿಲ್ಮ್ ದುಬಾರಿ ಎಂಬ ಕಾರಣಕ್ಕೆ ಮನೋಯೆಲ್ ದಿ ಅಬ್ರೇವು, ಹೊಳೆಯುವ ಪರದೆಯ ಮೇಲೆ ಮೂಡುವ ಎದೆಯ ಬಿಂಬವನ್ನೇ ಸಣ್ಣ ಕ್ಯಾಮೆರಾದಲ್ಲಿ ಸೆರೆಹಿಡಿಯುವ ವಿಧಾನವನ್ನು 1936ರಲ್ಲಿ ರಿಯೊ ಡಿ ಜನೈರೊದಲ್ಲಿ ತೋರಿಸಿದರು. ಖರ್ಚು ಇಳಿಯಿತು, ವೇಗ ಏರಿತು. 1957ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಐದೇ ವಾರಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನರ ಎಕ್ಸ್-ರೇ ತೆಗೆಯಲಾಯಿತು. ಬಂದವರಿಗೆ ಬ್ಯಾಡ್ಜು, ಅದೃಷ್ಟವಂತರಿಗೆ ಬಹುಮಾನ. ಜಾತ್ರೆಯ ಗದ್ದಲವೇ ಅದು.

ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಒಂದು ಅಪಸ್ವರ ಎದ್ದಿತ್ತು. ಯಾವ ಗಾತ್ರದ ಫಿಲ್ಮ್ ಒಳ್ಳೆಯದು ಎಂದು ಪರೀಕ್ಷಿಸಲು ಹೊರಟ ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಾಲ್ಮಿ ಮತ್ತು ಸಂಗಡಿಗರು 1947ರ ವೇಳೆಗೆ ಕಂಡದ್ದು ಬೇರೆಯದೇ ಸಂಗತಿ. ಫಿಲ್ಮಿನ ಗಾತ್ರಗಳ ನಡುವಿನ ವ್ಯತ್ಯಾಸಕ್ಕಿಂತ ಓದುವ ಕಣ್ಣುಗಳ ನಡುವಿನ ವ್ಯತ್ಯಾಸ ದೊಡ್ಡದು! ಐವರು ತಜ್ಞರು ಒಂದೇ ಚಿತ್ರದ ಬಗ್ಗೆ ಒಮ್ಮತಕ್ಕೆ ಬರಲಿಲ್ಲ. ಅದೇ ತಜ್ಞರಿಗೆ ಅದೇ ಚಿತ್ರವನ್ನು ಮತ್ತೊಮ್ಮೆ ಕೊಟ್ಟರೆ ತಮ್ಮದೇ ಮಾತನ್ನು ತಾವೇ ತಳ್ಳಿಹಾಕುತ್ತಿದ್ದರು. ತುಮಕೂರಿನ ಫಿಲ್ಮಿಗೆ ಇಬ್ಬರು ಓದುಗರು ಬೇಕಾದದ್ದು ಇದಕ್ಕೇ.

ಭಾರತದ ಮೊದಲ ರಾಷ್ಟ್ರೀಯ ಸಮೀಕ್ಷೆ 1955ರಿಂದ 58ರವರೆಗೆ ನಡೆಯಿತು. ಕ್ಷಯ ಪೇಟೆಯ ರೋಗ, ಹಳ್ಳಿಯ ಗಾಳಿಯಲ್ಲಿ ಅದು ಬದುಕದು ಎಂಬ ನಂಬಿಕೆಯನ್ನು ಆ ಸಮೀಕ್ಷೆ ಬುಡಮೇಲು ಮಾಡಿತು. ಎಕ್ಸ್-ರೇಯಲ್ಲಿ ಕ್ಷಯದಂತೆ ಕಂಡವರು ನೂರಕ್ಕೆ ಸುಮಾರು ಒಂದೂವರೆ. ಅವರಲ್ಲಿ ಕಾಲುಭಾಗದವರ ಕಫದಲ್ಲಷ್ಟೇ ಬ್ಯಾಕ್ಟೀರಿಯಾ ಸಿಕ್ಕಿತು. ರೋಗ ಹರಡುವವರು ಬಹುಮಟ್ಟಿಗೆ ಆ ಕಾಲುಭಾಗದವರು. ಇಷ್ಟು ದೊಡ್ಡ ದೇಶದಲ್ಲಿ, ಐದೂವರೆ ಲಕ್ಷ ಹಳ್ಳಿಗಳಲ್ಲಿ, ಅವರನ್ನು ಹುಡುಕಲು ವ್ಯಾನು ಓಡಿಸುವುದು ಆಗುಹೋಗುವ ಮಾತೇ?

ಉತ್ತರ ತುಮಕೂರಿನಲ್ಲೇ ಸಿಕ್ಕಿತು. ಸಂಸ್ಥೆಯ ಸಮಾಜಶಾಸ್ತ್ರ ವಿಭಾಗದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್, ವ್ಯಾನು ಪತ್ತೆ ಹಚ್ಚಿದ ರೋಗಿಗಳ ಬಳಿ ಹೋಗಿ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಅಧಿಕಾರಿಗಳ ಮುಖಕ್ಕೆ ಕನ್ನಡಿ ಹಿಡಿಯಿತು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಕೆಮ್ಮನ್ನು ಲೆಕ್ಕಕ್ಕಿಡುವುದಿಲ್ಲ ಎಂಬುದು ಅಲ್ಲಿಯವರೆಗಿನ ವಾದ. ಆದರೆ ಕಫದಲ್ಲಿ ಬ್ಯಾಕ್ಟೀರಿಯಾ ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಎಂಬ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೂ ಹೋಗಿಬಂದಿದ್ದರು. ಅಲ್ಲಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ರೋಗಿ ಬಾಗಿಲಿಗೆ ಬಂದು ನಿಂತಾಗ ವಾಪಸು ಕಳಿಸಿ, ಆಮೇಲೆ ಅವನನ್ನೇ ಹುಡುಕಿಕೊಂಡು ಹೊರಡುತ್ತಿತ್ತು ಸರ್ಕಾರ.

1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ನಕ್ಷೆ ಇದೇ ಚಿಂತನೆಯದು. ಕೆಮ್ಮಿಕೊಂಡು ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಎಕ್ಸ್-ರೇ ಇರುವುದು ಜಿಲ್ಲಾ ಕ್ಷಯ ಕೇಂದ್ರದಲ್ಲಿ. ಹಾಲೆಂಡಿನ ಒಡೆಲ್ಕಾ ಎಕ್ಸ್-ರೇ ಕ್ಯಾಮೆರಾಗಳು ಅಲ್ಲಿಗೇ ಬಂದು ನೆಲೆ ನಿಂತವು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೂ ವಿವೇಚನೆಯಿಲ್ಲದ ಸಾಮೂಹಿಕ ಎಕ್ಸ್-ರೇಯನ್ನು ಕೈಬಿಡಿ ಎಂದಿತು. 1990ರ ದಶಕದ ಪರಿಷ್ಕೃತ ಕಾರ್ಯಕ್ರಮದಲ್ಲಂತೂ ಕಫದಲ್ಲಿ ಏನೂ ಸಿಗದೆ, ಆ್ಯಂಟಿಬಯಾಟಿಕ್‌ನಿಂದಲೂ ಕೆಮ್ಮು ನಿಲ್ಲದಿದ್ದರೆ ಮಾತ್ರ ಎಕ್ಸ್-ರೇಯ ಸರದಿ. ಖಾಸಗಿ ವೈದ್ಯರೂ ಅವರ ರೋಗಿಗಳೂ ಇದನ್ನು ಒಪ್ಪಿದರು ಎಂದೇನಲ್ಲ. ಕಫದ ಡಬ್ಬಿಗಿಂತ ಬೆಳಕಿಗೆ ಹಿಡಿದು ನೋಡುವ ಕಪ್ಪು ಹಾಳೆಗೆ ನಮ್ಮಲ್ಲಿ ಗೌರವ ಜಾಸ್ತಿ.

ಆದರೂ ಕಫದ ಪರೀಕ್ಷೆಗೆ ಒಂದು ಮಿತಿ ಇದ್ದೇ ಇತ್ತು. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಗಟ್ಟಲೆ ಬ್ಯಾಕ್ಟೀರಿಯಾ ಇದ್ದರಷ್ಟೇ ಸೂಕ್ಷ್ಮದರ್ಶಕಕ್ಕೆ ಕಾಣುವುದು. ಕೆಮ್ಮೇ ಇಲ್ಲದವರು ಕಫ ಕೊಡಲು ಬರುವುದೂ ಇಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವ್ಯಾನುಗಳು ಮತ್ತೆ ಹಳ್ಳಿಗೆ ಹೋದವು, ಈ ಬಾರಿ ಡಿಜಿಟಲ್ ಯಂತ್ರದೊಂದಿಗೆ. ಲಕ್ಷಣಗಳನ್ನಷ್ಟೇ ಕೇಳಿ ಎಕ್ಸ್-ರೇ ಬಿಟ್ಟಿದ್ದರೆ, ದೃಢಪಟ್ಟ ರೋಗಿಗಳಲ್ಲಿ ಶೇ. 42.6ರಷ್ಟು ಮಂದಿ ಕೈತಪ್ಪುತ್ತಿದ್ದರು. 1963ರ ತೀರ್ಮಾನ ಇದರಿಂದ ಸುಳ್ಳಾಗಲಿಲ್ಲ. ಅದು ಕೆಮ್ಮುವವರ ಬಗ್ಗೆ ಹೇಳಿದ ಮಾತು. ಕೆಮ್ಮದವರ ಲೆಕ್ಕ ಬಾಕಿ ಉಳಿದಿತ್ತು, ಅಷ್ಟೆ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 15 ವರ್ಷ ದಾಟಿದವರ ಎದೆಯ ಚಿತ್ರವನ್ನು ವೈದ್ಯರ ಬದಲು ಕಂಪ್ಯೂಟರ್ ಓದಬಹುದು ಎಂದಿತು. 2024ರ ಡಿಸೆಂಬರ್‌ನಲ್ಲಿ ಆರಂಭವಾದ 100 ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯಬಲ್ಲ ಎಕ್ಸ್-ರೇ ಯಂತ್ರಗಳು ಬಳಕೆಗೆ ಬಂದವು. ಆದರೆ ಯಂತ್ರವಾಗಲಿ ಮನುಷ್ಯನಾಗಲಿ ಚಿತ್ರ ನೋಡಿ ಹೇಳುವುದು ಸಂಶಯವನ್ನು ಮಾತ್ರ. ಖಾತ್ರಿಗೆ ಇವತ್ತಿಗೂ ಕಫವೇ ಬೇಕು, ಸೂಕ್ಷ್ಮದರ್ಶಕದ ಜಾಗದಲ್ಲಿ ಜೀನ್ ಪರೀಕ್ಷೆ ಬಂದಿದೆ. ಬೆನ್ನುಮೂಳೆಯ ಕ್ಷಯಕ್ಕೆ ಎಂ.ಆರ್.ಐ., ಎಕ್ಸ್-ರೇಗೆ ನಿಲುಕದ ಸಣ್ಣ ಗಂಟುಗಳಿಗೆ ಸಿ.ಟಿ. ಸ್ಕ್ಯಾನ್ ನೆರವಾಗುತ್ತವೆ.

ಚಿಕಿತ್ಸೆ ಮುಗಿದ ಮೇಲೂ ಶ್ವಾಸಕೋಶದಲ್ಲಿ ಕಲೆ ಉಳಿಯಬಹುದು. ಹಳೆಯ ಆ ಕಲೆಯನ್ನೇ ಹೊಸ ರೋಗವೆಂದು ತಿಳಿದು ಮತ್ತೆ ಆರು ತಿಂಗಳು ಮಾತ್ರೆ ನುಂಗಿಸಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಆದ್ದರಿಂದ ಹಿಂದೊಮ್ಮೆ ಕ್ಷಯಕ್ಕೆ ಔಷಧಿ ತೆಗೆದುಕೊಂಡವರು ಆಗಿನ ಎಕ್ಸ್-ರೇಯನ್ನು ಜೋಪಾನವಾಗಿಡಿ. ಮತ್ತೆ ಕೆಮ್ಮು ಕಾಡಿ ವೈದ್ಯರ ಬಳಿ ಹೋಗುವಾಗ ಅದನ್ನೂ ಒಯ್ಯಿರಿ, ಕಫದ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.