ಬೂದಿಯಿಂದ ಉಮಿಗೆ: ಶರಾವತಿ ಸೀಮೆಯ ಕೋಳಿಮರಿ ಹಾಸು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ನಾಟಿಕೋಳಿ ಸಾಕಣೆ ಹಳೆಯದು. ಮರಿಗೆಂದೇ ಹಾಸು ಸಿದ್ಧಮಾಡುವ ಪದ್ಧತಿ ಮಾತ್ರ ಈಚಿನದು. ಹಿತ್ತಿಲಲ್ಲಿ ಮೇಯುವ ಕೋಳಿ ನೆಂಟರ ಊಟಕ್ಕೂ ಬೇಕಿತ್ತು, ಚೌಡಿ, ಭೂತಗಳ ಹರಕೆಗೂ ಬೇಕಿತ್ತು. ಹೇಂಟೆಯನ್ನು ಹುಲ್ಲು ಹಾಸಿದ ಬುಟ್ಟಿಯಲ್ಲಿ ಕಾವಿಗೆ ಕೂರಿಸಿದರೆ 21ನೇ ದಿನದ ಹೊತ್ತಿಗೆ ಮರಿಗಳು ಹೊರಬರುತ್ತಿದ್ದವು. ಅಲ್ಲಿಂದ ಮುಂದೆ ಮರಿಯ ಬಿಸಿ, ಶುಚಿ ಎರಡೂ ತಾಯಿಯ ಹೊಣೆ. ಹಗಲೆಲ್ಲ ಅದು ಮರಿಗಳನ್ನು ಕಟ್ಟಿಕೊಂಡು ಹೊಸ ನೆಲ ಕೆದಕುತ್ತಿದ್ದುದರಿಂದ ಹಿಕ್ಕೆ ಒಂದೇ ಕಡೆ ಸೇರುತ್ತಿರಲಿಲ್ಲ. ರಾತ್ರಿ ಬುಟ್ಟಿ ಕವುಚಿದ ಜಾಗವನ್ನು ಬೆಳಿಗ್ಗೆ ಗುಡಿಸಿ ಒಲೆಯ ಬೂದಿ ಎರಚಿದರೆ ಕೆಲಸ ಮುಗಿಯುತ್ತಿತ್ತು. ಬೂದಿ ತೇವ ಹೀರುತ್ತದೆ. ಅದರಲ್ಲಿ ಹೊರಳುವ ಕೋಳಿಗೆ ಹೇನಿನ ಕಾಟವೂ ಕಡಿಮೆ.

ಹಾಸಿನ ಬಗ್ಗೆ ಮಲೆನಾಡಿಗೆ ಆಳವಾದ ತಿಳಿವಳಿಕೆ ಇದ್ದದ್ದು ದನದ ಕೊಟ್ಟಿಗೆಯಲ್ಲಿ. ಅಡಿಕೆ ತೋಟದ ಗೊಬ್ಬರಕ್ಕಾಗಿಯೇ ಇಲ್ಲಿ ಸೊಪ್ಪಿನಬೆಟ್ಟಗಳಿವೆ. ಮಳೆಗಾಲದಲ್ಲಿ ಅಲ್ಲಿಯ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಕೊಟ್ಟಿಗೆಗೆ ಬೀಳುತ್ತವೆ. ಸಗಣಿ ಗಂಜಲದಲ್ಲಿ ನೆನೆದು, ದನದ ಕಾಲ್ತುಳಿತಕ್ಕೆ ಸಿಕ್ಕಿ ಬೇಗ ಕೊಳೆಯುವುದೇ ಆ ಹಾಸಿನ ಗುಣ. ಕೋಳಿಮರಿಗೆ ಬೇಕಾದದ್ದು ಇದಕ್ಕೆ ತೀರ ವಿರುದ್ಧವಾದ, ನೆನೆಯದ, ಕೊಳೆಯದ ಹಾಸು. ತಾಯಿಯಿಲ್ಲದ ಮರಿಗಳು ಊರಿಗೆ ಬಂದ ಮೇಲೆಯೇ ಈ ವ್ಯತ್ಯಾಸ ದೊಡ್ಡದಾಯಿತು.

ಅದಕ್ಕೂ ಮೊದಲೇ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಗದ್ದೆಗಳು ಹಿನ್ನೀರಿನಡಿ ಸೇರಿದವು. ಗದ್ದೆಯ ಜೊತೆಗೆ ಮುಂದೆ ಹಾಸಿಗೆ ಬೇಕಾಗುವ ಹುಲ್ಲೂ ಉಮಿಯೂ ಹೋದವು. ಸಿಗಂದೂರು, ತುಮರಿ ಕಡೆಯವರಿಗೆ ಸಾಗರದ ಹತ್ತಿರದ ದಾರಿ ಲಾಂಚ್ ಆಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಅಲ್ಲಿಯವರೆಗೆ ಸಾಕಣೆಯ ಸಾಮಾನೆಲ್ಲ ನೀರು ದಾಟಬೇಕಿತ್ತು, ಇಲ್ಲವೆ ದೂರದ ಸುತ್ತು ಬಳಸಬೇಕಿತ್ತು.

1980ರ ದಶಕದ ಕೊನೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಿಲ ಸಾಕಣೆಗೆಂದು ಗಿರಿರಾಜ ತಳಿಯನ್ನು ರೂಪಿಸಿತು. ಹ್ಯಾಚರಿಯಿಂದ ಬರುವ ಇಂಥ ಮರಿಗೆ ತಾಯಿಯ ರೆಕ್ಕೆಯಿಲ್ಲ, ಬಲ್ಬಿನ ಕೆಳಗಿನ ಬ್ರೂಡರ್ ಮಾತ್ರ ಗತಿ. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸಬೇಕು. ನೂರಾರು ಮರಿಗಳು ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವೆ. ಹೊರಗೆ ಆಗುಂಬೆ, ಹುಲಿಕಲ್ಲುಗಳ ನಾಡಿನ ಜಡಿಮಳೆ. ಬಿಸಿ ಮತ್ತು ತೇವ ಕೂಡಿದರೆ ಹಿಕ್ಕೆಯಲ್ಲಿರುವ ಕಾಕ್ಸಿಡಿಯಾ ಜೀವಿಯ ತತ್ತಿಗಳು ಒಂದೆರಡು ದಿನದಲ್ಲೇ ಬಲಿತು ರೋಗ ಹರಡಬಲ್ಲವಾಗುತ್ತವೆ. ಮರಿಗಳು ರಕ್ತ ಮಿಶ್ರಿತ ಭೇದಿಯಿಂದ ಸಾಯುವುದು ಹೀಗೆ. ನೆನೆದ ಹಾಸಿನಿಂದ ಏಳುವ ಅಮೋನಿಯಾ ಕಣ್ಣು, ಶ್ವಾಸನಾಳಗಳನ್ನು ಕೆಡಿಸುತ್ತದೆ. ಬೂಸ್ಟು ಹಿಡಿದ ಹುಲ್ಲು ಶ್ವಾಸಕೋಶಕ್ಕೆ ಶಿಲೀಂಧ್ರ ಸೇರಿಸುತ್ತದೆ. ಕೊಕ್ಕರೆ ರೋಗಕ್ಕೆ ಲಸಿಕೆಯಿದೆ, ಕೊಳೆತ ಹಾಸಿಗೆ ಯಾವ ಲಸಿಕೆಯೂ ಇಲ್ಲ.

ಹಾಗಾಗಿ ಬ್ರೂಡರಿನ ನೆಲಕ್ಕೆ ಭತ್ತದ ಉಮಿ ಬಂತು. ಅದು ಹಗುರ, ಬೇಗ ಕೊಳೆಯದು, ಗಾಳಿಯಾಡಲು ಬಿಡುತ್ತದೆ. ಆದರೆ ಎಲ್ಲ ಗಿರಣಿಯ ಉಮಿಯೂ ಒಂದೇ ಅಲ್ಲ. ಹಳೆಯ ಹಲ್ಲರ್ ಯಂತ್ರ ಉಮಿಯನ್ನು ನುರಿದು ತೌಡಿನೊಂದಿಗೆ ಬೆರೆಸುತ್ತದೆ. ಅದು ಧೂಳಾಗುತ್ತದೆ, ಬೇಗ ಬೂಸ್ಟು ಹಿಡಿಯುತ್ತದೆ, ಮರಿಯೂ ಅದನ್ನೇ ಹೆಕ್ಕುತ್ತದೆ. ರಬ್ಬರ್ ರೋಲರ್ ಗಿರಣಿಯ ಇಡೀ ಉಮಿಯೇ ಮೇಲು. ಮರದ ಹತ್ತರಿ ಸಿಪ್ಪೆ ಒಳ್ಳೆಯದು, ಸಣ್ಣ ಗರಗಸದ ಹೊಟ್ಟು ಒಳ್ಳೆಯದಲ್ಲ. ಕೊಯ್ಲಿನ ಕಾಲದಲ್ಲಿ ರಸ್ತೆ ಬದಿಯಲ್ಲಿ ರಾಶಿಬೀಳುವ ಹಸಿ ಅಡಿಕೆ ಸಿಪ್ಪೆಯನ್ನಂತೂ ಮರಿಯ ಹತ್ತಿರ ತರಬಾರದು. ಬರಿಯ ಪತ್ರಿಕೆ ಕಾಗದದ ಮೇಲೆ ಕಾಲು ಜಾರಿ ಮರಿಗಳು ಕಾಲು ಸೀಳಿಕೊಳ್ಳುತ್ತವೆ. ಮೊದಲೆರಡು ದಿನ ಉಮಿ ತಿನ್ನದಂತೆ ಅದರ ಮೇಲೆ ಕಾಗದ ಹಾಸುವುದಾದರೆ ದೊರಗಾದದ್ದು ಬೇಕು.

ಉಮಿ ಎರಡು ಅಂಗುಲ ದಪ್ಪ ಇರಲಿ, ಅದನ್ನು ದಿನವೂ ಕೆದಕಬೇಕು. ನೀರಿನ ಬಟ್ಟಲನ್ನು ಇಟ್ಟಿಗೆಯ ಮೇಲಿಟ್ಟರೆ ಚೆಲ್ಲುವುದು ಕಡಿಮೆ. ಅದರ ಸುತ್ತ ನೆನೆದ ಉಮಿಯನ್ನು ಅಂದೇ ತೆಗೆಯಬೇಕು. ಹಿಂಭಾಗದಲ್ಲಿ ಹಿಕ್ಕೆ ಅಂಟಿ ಒಣಗಿದ ಮರಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿಯೇ ಬಿಡಬೇಕು. ಮುಂಗಾರು ಹಿಡಿದ ಮೇಲೆ ಒಣ ಉಮಿ ಹುಡುಕುವುದು ಕಷ್ಟ. ಈ ಸೀಮೆಯಲ್ಲಿ ಮಳೆಗಾಲದಲ್ಲಿ ಮರಿ ತರುವವರು ಮೇ ತಿಂಗಳೊಳಗೆ ಉಮಿಯನ್ನು ಬಿಸಿಲಿಗೆ ಹರವಿ, ಗೋಣಿಚೀಲದಲ್ಲಿ ತುಂಬಿ ಅಟ್ಟಕ್ಕೇರಿಸಿಕೊಳ್ಳಲಿ.