ನೆನಪಿಗೂ ಒಂದು ಅವಧಿ

ಲೋಕಿಕೆರೆ ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿ. ಆ ಊರಿಗೆ ಬರೆಯುವ ಕಾಗದದ ಮೇಲೆ ಒಂದು ಕಾಲಕ್ಕೆ ಚಿತ್ರದುರ್ಗ ಜಿಲ್ಲೆ ಎಂದೇ ಇರುತ್ತಿತ್ತು. ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆಯೇ ಜಿಲ್ಲೆಯಾಯಿತು. ಊರು ಕದಲಲಿಲ್ಲ, ಹೆಸರು ಬದಲಾಗಲಿಲ್ಲ, ಬದಲಾದುದು ವಿಳಾಸ. ಹಳೆಯದನ್ನೇ ಬರೆದಿಟ್ಟುಕೊಂಡವರ ಪುಸ್ತಕ ಅಂದಿನಿಂದ ತಪ್ಪಾಯಿತು. ಗಣಕಯಂತ್ರಗಳ ಲೋಕದಲ್ಲಿ ಈ ತೊಡಕು ನಿತ್ಯದ್ದು.

ಒಂದು ಗಣಕ ಇನ್ನೊಂದನ್ನು ಅರಿಯುವುದು ಅಂಕಿಯಿಂದ. ಮನುಷ್ಯರಿಗೆ ನೆನಪುಳಿಯುವುದು ಹೆಸರು. ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಇವೆರಡನ್ನೂ ಜೋಡಿಸುವ ಒಂದೇ ಪಟ್ಟಿಯಿತ್ತು. ಕ್ಯಾಲಿಫೋರ್ನಿಯದ ಎಸ್.ಆರ್.ಐ. ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ತಿದ್ದಿ ಇಡುತ್ತಿತ್ತು. ಉಳಿದವರು ಪ್ರತಿ ತರಿಸಿಕೊಳ್ಳುತ್ತಿದ್ದರು. ಜಾಲ ಬೆಳೆಯಿತು, ಪ್ರತಿಗಳು ಬೇಗಬೇಗನೆ ಹಳತಾದವು.

೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಹೊಸ ಏರ್ಪಾಡೊಂದನ್ನು ಮುಂದಿಟ್ಟರು. ಅದೇ ಡಿ.ಎನ್.ಎಸ್. ಜಿಲ್ಲೆ, ತಾಲ್ಲೂಕು, ಹಳ್ಳಿ ಎಂಬಂತೆ ಹೆಸರುಗಳ ಹೊಣೆಯನ್ನು ಅದು ಹಂಚಿತು. ಉತ್ತರದೊಡನೆ, ಇದನ್ನು ಇಷ್ಟು ಸೆಕೆಂಡು ನೆನಪಿಡಬಹುದು ಎಂಬ ಗಡುವನ್ನೂ ಕಳುಹಿಸಿತು. ಗಡುವು ತೀರಿದ ಮೇಲೆ ಮತ್ತೆ ಕೇಳಲೇಬೇಕು.

೧೯೯೧ರಲ್ಲಿ ಹುಟ್ಟಿದ ಲಿನಕ್ಸ್‌ನಲ್ಲಿ ಈ ಚರಿತ್ರೆಯೆಲ್ಲ ಇಂದಿಗೂ ಕಾಣುತ್ತದೆ. ಹಳೆಯ ಪಟ್ಟಿಯ ಕುರುಹಾಗಿ ‘ಹೋಸ್ಟ್ಸ್’ ಎಂಬ ಕಡತವಿದೆ. ಸಾಮಾನ್ಯವಾಗಿ ಯಂತ್ರ ಮೊದಲು ನೋಡುವುದು ಅದನ್ನೇ. ಅಲ್ಲಿಲ್ಲದ ಹೆಸರನ್ನು ಯಾರಲ್ಲಿ ಕೇಳಬೇಕೆಂಬುದು ‘ರಿಸಾಲ್ವ್.ಕಾನ್ಫ್’ ಕಡತದಲ್ಲಿರುತ್ತದೆ. ಅಲ್ಲಿ ೧೨೭.೦.೦.೫೩ ಎಂದಿದ್ದರೆ, ಪ್ರಶ್ನೆ ಅದೇ ಯಂತ್ರದೊಳಗಿನ ‘ಸಿಸ್ಟಮ್‌ಡಿ-ರಿಸಾಲ್ವ್ಡ್’ ಎಂಬ ಸೇವಕನಿಗೆ ಹೋಗುತ್ತದೆ. ಒಮ್ಮೆ ಹೊರಗಿನಿಂದ ತಂದ ಉತ್ತರವನ್ನು ಅವನು ಗಡುವಿನವರೆಗೆ ಕಾದಿಟ್ಟು, ಮತ್ತೆ ಕೇಳಿದಾಗ ಮನೆಯಲ್ಲೇ ಹೇಳುತ್ತಾನೆ. ಸಂಪರ್ಕ ನಿಧಾನವಾದ ಹಳ್ಳಿಯಲ್ಲಿ ಇದು ಸಣ್ಣ ಉಪಕಾರವಲ್ಲ. ಅಂಥ ಹೆಸರಿಲ್ಲ ಎಂಬ ಉತ್ತರವನ್ನೂ ಅವನು ಕೆಲಕಾಲ ನೆನಪಿಡುತ್ತಾನೆ. ಹೊಸ ಹೆಸರು ಕೆಲವೊಮ್ಮೆ ಕೂಡಲೇ ಕಾಣದಿರುವುದಕ್ಕೆ ಅದೂ ಒಂದು ಕಾರಣ. ಕಾಯಲಾರದವರು ‘ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್’ ಎಂಬ ಆಜ್ಞೆಯಿಂದ ಆ ನೆನಪನ್ನು ಅಳಿಸಬಹುದು.

ನೆನಪಿನಲ್ಲಿ ಅಪಾಯವೂ ಉಂಟು. ಇಂಥ ನೆನಪಿನೊಳಗೆ ಸುಳ್ಳು ಉತ್ತರವನ್ನು ಸುಲಭವಾಗಿ ತೂರಿಸಬಹುದೆಂದು ೨೦೦೮ರಲ್ಲಿ ಡಾನ್ ಕಾಮಿನ್ಸ್ಕಿ ತೋರಿಸಿದರು. ಬ್ಯಾಂಕಿನ ಹೆಸರು ಕೇಳಿದವನನ್ನು ಕಳ್ಳನ ಬಾಗಿಲಿಗೆ ಕಳುಹಿಸುವ ಉಪಾಯವದು. ಜಗತ್ತಿನ ತಂತ್ರಜ್ಞರು ಒಟ್ಟಾಗಿ ತುರ್ತು ದುರಸ್ತಿ ಮಾಡಿದರು. ಉತ್ತರಗಳಿಗೆ ಗಣಿತದ ಮುದ್ರೆಯೊತ್ತುವ ಕ್ರಮ ೨೦೧೦ರಲ್ಲಿ ಜಾಲದ ಮೂಲಕ್ಕೇ ಬಂತು.

ಹತ್ತಿರದ ನೆನಪು ದೂರದ ಪಯಣವನ್ನು ಉಳಿಸುತ್ತದೆ, ನಿಜ. ಆದರೆ ಅದನ್ನು ಯಾರು ಹೇಳಿದರು, ಎಲ್ಲಿಯವರೆಗೆ ನಂಬಬೇಕು ಎಂಬೆರಡನ್ನೂ ಜೊತೆಯಲ್ಲಿಟ್ಟುಕೊಂಡರೆ ಮಾತ್ರ ಕ್ಷೇಮ.