ಹಳೆಯ ಜನಗಣತಿಯ ಕಸುಬಿನ ಶಬ್ದಗಳು: ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಮನೆತನಗಳ ಇತಿಹಾಸಕ್ಕೊಂದು ಟಿಪ್ಪಣಿ

ಮನೆತನದ ಇತಿಹಾಸವನ್ನು ಬರೆಯಹೊರಡುವವರಿಗೆ ಹಿರಿಯರ ಹೆಸರಿಗಿಂತಲೂ ಅವರ ಕಸುಬನ್ನು ಸೂಚಿಸುವ ಶಬ್ದವೇ ಹೆಚ್ಚು ತೊಡಕನ್ನುಂಟುಮಾಡುತ್ತದೆ. ಮದರಾಸು ಆಡಳಿತಕ್ಕೆ ಒಳಪಟ್ಟಿದ್ದ ದಕ್ಷಿಣ ಕನ್ನಡದಲ್ಲಿ 1871ರಿಂದ ಹತ್ತು ವರ್ಷಗಳಿಗೊಮ್ಮೆ ಜನಗಣತಿ ನಡೆಯಿತು. ಮನೆವಾರು ಪಟ್ಟಿಗಳನ್ನು ಲೆಕ್ಕ ಮುಗಿದ ಬಳಿಕ ಕಾದಿಡುವ ಪದ್ಧತಿಯಿರಲಿಲ್ಲ. ನಮಗೆ ಉಳಿದಿರುವುವು ಅಚ್ಚಾದ ವರದಿಗಳೂ ಕೋಷ್ಟಕಗಳೂ ಮಾತ್ರ. ಆದರೂ ಅವುಗಳಲ್ಲಿ ವಿಂಗಡಿಸಲ್ಪಟ್ಟ ಶಬ್ದಗಳೇ ಗೇಣಿಚೀಟು, ಕ್ರಯಪತ್ರ, ಶಾಲೆಯ ದಾಖಲೆಗಳಲ್ಲಿಯೂ ಕಾಣಸಿಗುವುದರಿಂದ, ಅವನ್ನು ಓದುವ ಕ್ರಮವನ್ನು ಇಲ್ಲಿ ಪರಿಶೀಲಿಸುವೆವು.

ಮೊದಲು ಗಮನಿಸತಕ್ಕದ್ದು ಭಾಷೆಯ ವಿಷಯ. ಈ ಪ್ರದೇಶದ ಬಹುಪಾಲು ಮನೆಗಳಲ್ಲಿ ಉತ್ತರವು ತುಳುವಿನಲ್ಲಿ ಬಂದಿತು. ಬರಹವು ಕನ್ನಡದಲ್ಲಿ ನಡೆಯಿತು. ವಿಂಗಡಣೆಯು ಇಂಗ್ಲಿಷಿನಲ್ಲಿ ಆಯಿತು. ಒಂದೊಂದು ಹೆಜ್ಜೆಯಲ್ಲಿಯೂ ಶಬ್ದದ ಅರ್ಥವು ಸ್ವಲ್ಪ ಸ್ವಲ್ಪ ಸರಿಯುವ ಸಂಭವವಿತ್ತು.

ಉದಾಹರಣೆಗೆ, 'ಪೂಜಾರಿ' ಎಂದರೆ ಘಟ್ಟದ ಮೇಲಿನ ಓದುಗನಿಗೆ ದೇವಾಲಯದ ಅರ್ಚಕ. ತುಳುನಾಡಿನಲ್ಲಾದರೋ ಅದು ಬಿಲ್ಲವರ ಕುಲನಾಮ. ಗರೋಡಿಯ ಸೇವೆಯಲ್ಲಿದ್ದವನು ಹೇಗೋ, ಮೂರ್ತೆಯ ಕಸುಬಿನವನೂ ಗೇಣಿಗೆ ಗದ್ದೆ ಮಾಡಿದವನೂ ಹಾಗೆಯೇ ಪೂಜಾರಿ. 'ಶೆಟ್ಟಿ' ಎಂದರೆ ಅಲ್ಲಿ ವರ್ತಕ, ಇಲ್ಲಿ ಪ್ರಾಯಶಃ ಬೇಸಾಯಗಾರನಾದ ಬಂಟ. 'ಆಚಾರ್ಯ'ನು ಶಾಸ್ತ್ರಪಾಠ ಹೇಳುವವನಿರಬಹುದು, ಮರಗೆಲಸ ಅಥವಾ ಕಬ್ಬಿಣದ ಕೆಲಸದವನೂ ಇರಬಹುದು. 'ಭಂಡಾರಿ' ಎಂಬುದು ಬೊಕ್ಕಸದ ಅಧಿಕಾರಿಯನ್ನು ಸೂಚಿಸಬಲ್ಲುದು. ಕ್ಷೌರವೃತ್ತಿಯ ಸಮಾಜವನ್ನೂ, ಬಂಟರಲ್ಲಿ ಕುಲನಾಮವನ್ನೂ ಸೂಚಿಸಬಲ್ಲುದು. ಇನ್ನು 'ಉಗ್ರಾಣಿ': ಮಠ ದೇವಾಲಯಗಳ ಸಂಬಂಧದಲ್ಲಿ ಇವನು ಉಗ್ರಾಣದ ಪಾಲಕ, ಪಟೇಲ, ಶ್ಯಾನುಭೋಗರ ಜತೆಯಲ್ಲಿ ಬಂದಾಗ ಗ್ರಾಮದ ಸರಕಾರಿ ಸೇವಕ. ಧರ್ಮಸ್ಥಳದಲ್ಲಿ 'ಹೆಗ್ಗಡೆ' ಎಂಬುದು ಪಟ್ಟದ ಹೆಸರು. ಉಳಿದೆಡೆ ಬಹುಮಟ್ಟಿಗೆ ಕುಲನಾಮವೇ.

ಎರಡನೆಯದು ಕಾಲದ ವಿಷಯ. 1881 ಮತ್ತು 1891ರ ಗಣತಿಗಳು ಫೆಬ್ರವರಿಯಲ್ಲಿಯೂ 1901ರದು ಮಾರ್ಚಿ 1ರಂದೂ ನಡೆದುವು. ಅದು ನೇಮ ಕೋಲಗಳ ಋತು. ಭೂತ ಕಟ್ಟುವ ಮನೆಯವನು ಆಗ ತನ್ನ ಕಸುಬು ಅದೇ ಎಂದು ಹೇಳಿದರೆ ಸುಳ್ಳಲ್ಲ. ಮಳೆಗಾಲದಲ್ಲಿ ಕೇಳಿದ್ದರೆ ಬೇಸಾಯದ ಕೂಲಿ ಎಂದಾನು, ಅದೂ ಸುಳ್ಳಲ್ಲ.

ಮೂರನೆಯದು ವಿಂಗಡಣೆ. 1891ರ ಕೋಷ್ಟಕದಲ್ಲಿ ಒಂದು ಕಸುಬಿನ ಎದುರಿಗಿರುವ ಸಂಖ್ಯೆಯು ದುಡಿಯುವವರದು ಮಾತ್ರವಲ್ಲ. ಆ ಕಸುಬಿನಿಂದ ಜೀವಿಸುತ್ತಿದ್ದ ಮಕ್ಕಳೂ ಮುದುಕರೂ ಅದರಲ್ಲಿ ಸೇರಿರುವರು. 1901ರಲ್ಲಿ ದುಡಿಯುವವರನ್ನೂ ಅವಲಂಬಿತರನ್ನೂ ಬೇರ್ಪಡಿಸಲಾಯಿತು. ಆಗ 520 ಇದ್ದ ಕಸುಬಿನ ಗುಂಪುಗಳು 1911ರಲ್ಲಿ ಬರ್ಟಿಯೊನನ ಕ್ರಮವನ್ನು ಅನುಸರಿಸಿದಾಗ 169ಕ್ಕೆ ಇಳಿದುವು. ಆದುದರಿಂದ ಒಂದು ಕಸುಬು ಕೋಷ್ಟಕದಿಂದ ಮರೆಯಾದ ಮಾತ್ರಕ್ಕೆ ಊರಿನಿಂದಲೂ ಮರೆಯಾಯಿತೆನ್ನಲಾಗದು. ಸ್ಥಳದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಇಂದು ಈ ಮೂರೂ ತಾಲೂಕು ಕೇಂದ್ರಗಳು. 19ನೆಯ ಶತಮಾನದ ಕೊನೆಯಲ್ಲಿ ಜಿಲ್ಲೆಗಿದ್ದುವು ಮಂಗಳೂರು, ಉಡುಪಿ, ಕುಂದಾಪುರ, ಉಪ್ಪಿನಂಗಡಿ, ಕಾಸರಗೋಡು ಎಂಬ ಐದೇ ತಾಲೂಕುಗಳು. ಬೆಳ್ತಂಗಡಿಯ ಲೆಕ್ಕವನ್ನು ಉಪ್ಪಿನಂಗಡಿಯಲ್ಲಿ ಹುಡುಕಬೇಕು.

ಇವೆಲ್ಲಕ್ಕಿಂತ ಗಂಭೀರವಾದುದು 'ಕೂಲಿ' ಎಂಬ ಸರಳ ಶಬ್ದ. 1843ರ 5ನೆಯ ಕಾಯಿದೆಯು ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಆದರೆ ಒಡೆಯನ ಭೂಮಿಗೆ ಕಟ್ಟುಬಿದ್ದಿದ್ದ ಮೂಲದ ಆಳುಗಳ ಬಾಳು ಅಂದೇ ಬದಲಾಗಲಿಲ್ಲ. ಗಣತಿಯಲ್ಲಿ ಅವರೂ ಕೂಲಿ, ಬಂಟ್ವಾಳದ ಪೇಟೆಯಲ್ಲಿ ದಿನಗೂಲಿಗೆ ಹೊರೆ ಹೊತ್ತವನೂ ಕೂಲಿ. ವರ್ಗದಾರನ ಮನೆತನಕ್ಕೆ ಪಟ್ಟೆ ದಸ್ತಾವೇಜುಗಳ ಆಧಾರವುಂಟು. ಆಳಿನ ಮನೆತನಕ್ಕೆ ಈ ಒಂದು ಶಬ್ದವೇ ಆಧಾರವಾದರೆ, ಅದರ ಹಿಂದಿರುವ ಬಂಧನವೂ ಮರೆಯಾಗುತ್ತದೆ. ಒಡೆಯನ ಮನೆಯ ಲೆಕ್ಕಪುಸ್ತಕಗಳನ್ನೂ, ಆ ಕುಟುಂಬದ ಹಿರಿಯರ ಬಾಯಿಮಾತನ್ನೂ ಜತೆಗಿಟ್ಟು ನೋಡಿದ ಹೊರತು ಇಲ್ಲಿ ಸತ್ಯವು ದೊರೆಯದು.

ಆದಕಾರಣ ವಿದ್ಯಾರ್ಥಿಗಳು ಕಸುಬಿನ ಶಬ್ದವೊಂದು ಎದುರಾದೊಡನೆ ನಿಘಂಟನ್ನು ತೆರೆಯುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಸೂಚನೆ: ಹೇಳಿದವರು ಯಾರು, ಬರೆದವರು ಯಾರು, ಯಾವ ತಿಂಗಳಲ್ಲಿ, ಯಾವ ವಿಂಗಡಣೆಗಾಗಿ? ಇವುಗಳಿಗೆ ಉತ್ತರ ದೊರೆತ ಮೇಲೆಯೇ ಆ ಶಬ್ದವನ್ನು ವಂಶವೃಕ್ಷದಲ್ಲಿ ಬರೆಯುವುದು ಯುಕ್ತ.